ಜೂನ್ ಮೂವತ್ತೊಂದನೇ ತಾರೀಖಿನ ಡ್ಯೂಟಿ

ಅದಕ್ಕೇ ಹೇಳಿದ್ದು, ಕುಣಿಗಲ್ ಅಂದ ತಕ್ಷಣ ಹಂಗೆ ಮುಖ ಹುಳ್ಳಗೆ ಮಾಡ್ಕೋಬೇಡ ಅಂತ. ಏನೇ ಶಿಲ್ಪಾ, ಇಷ್ಟು ವರ್ಷ ಓದಿ ಡಾಕ್ಟ್ರಾದೋಳು, ಟ್ರೇನಿಂಗಿಗೆ ಅಂತ ಮೂರು ತಿಂಗಳು ಹಳ್ಳಿ ಆಸ್ಪತ್ರೆಗೆ ಹೋಗು ಅಂದ್ರೆ ಜೈಲಿಗೆ ಕಳಿಸ್ತಾರೆ ಅನ್ನೋ ಥರ ಆಡ್ತೀಯಲ್ಲೇ. ಮೊನ್ನೆಯಿಂದ ಒಂದೇ ರಾಗ, "ಅಜ್ಜಿ, ಆ ಕುಣಿಗಲ್ ಕಡೆ ಡಾಕ್ಟ್ರು ನಿಂಗೆ ಚೆನ್ನಾಗಿ ಗೊತ್ತಲ್ಲ, ಒಂದು ಮಾತು ಹೇಳಜ್ಜಿ, ಹೋಗ್ದೇನೇ ಅಟೆಂಡೆನ್ಸ್ ಹಾಕಿಸ್ಕೊಡ್ತಾರಾ ಕೇಳಜ್ಜಿ." ಕೇಳ್ತೀನಿ, ಕೇಳ್ತೀನಿ. ಅದಕ್ಕೆ ಮುಂಚೆ ಈ ಅವರೆಕಾಯಿ ಮೊರ ನಿನ್ನ ಕಡೆ ಎಳ್ಕೋ. ಬಿಡಿಸ್ತಾ ಕೇಳು. ಆ ಡಾಕ್ಟ್ರು ನಂಗೆ ಹೆಂಗೆ ಗೊತ್ತು ಅಂತ ಯಾವತ್ತಾದ್ರೂ ಕೇಳಿದೀಯಾ? ಇಲ್ಲ. ಕೆಲಸ ಆಗ್ಬೇಕು ಅಷ್ಟೇ ನಿಂಗೆ. ಹುಳುಕಿದ್ರೆ ಆಚೆ ಹಾಕು, ಹಂಗೇ ತಟ್ಟೆಗೆ ಹಾಕ್ಬೇಡ.

ತೊಂಬತ್ನಾಲ್ಕೋ ತೊಂಬತ್ತೈದೋ ಇರ್ಬೇಕು, ನಿಮ್ಮ ಮಾವನ ಮದುವೆ ಆದ ವರ್ಷ. ಅಲ್ಲಲ್ಲ, ಮದುವೆ ಅದರ ಮುಂದಿನ ವರ್ಷ. ಇರ್ಲಿ ಬುಡು. ನಾನಾಗ ಗುಬ್ಬಿ ಆಚೆ ಒಂದು ಆಸ್ಪತ್ರೇಲಿ ಸಿಸ್ಟರ್ ಆಗಿದ್ದೆ. ಊರಿನ ಹೆಸರು ಬೇಡ, ಅಲ್ಲಿ ನನಗೆ ಬೇಕಾದೋರು ಇನ್ನೂ ಇದಾರೆ. ಆಸ್ಪತ್ರೆ ಅಂದ್ರೆ ನೀನು ಓದಿದ ಕಾಲೇಜಿನ ಥರ ಲಿಫ್ಟು ಗಿಫ್ಟು ಅನ್ಕೋಬೇಡ. ನಾಲ್ಕು ರೂಮು, ಒಂದು ವರಾಂಡ, ಮಳೆ ಬಂದ್ರೆ ಇಂಜೆಕ್ಷನ್ ರೂಮಲ್ಲಿ ಬಕೆಟ್ ಇಡ್ಬೇಕು. ಕರೆಂಟು ಇದ್ರೆ ನೀರಿಲ್ಲ, ನೀರಿದ್ರೆ ಕರೆಂಟಿಲ್ಲ. ನಿಮ್ಮ ತಾತ ಹೋಗಿ ಆಗ್ಲೇ ಎಂಟು ವರ್ಷ ಆಗಿತ್ತು. ನಾನೊಬ್ಳೇ ಕ್ವಾರ್ಟ್ರಸ್ಸಲ್ಲಿ ಇದ್ಕೊಂಡು, ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಚಪ್ಪಲಿ ಸವೆಯೋವರ್ಗೂ ಹಳ್ಳಿ ಸುತ್ತೋದು, ಲಸಿಕೆ ಡಬ್ಬ ಹೆಗಲಿಗೆ. ರಿಟೈರ್ ಆಗೋಕೆ ನಾಲ್ಕೈದು ವರ್ಷ ಇತ್ತು. ಆ ಕೆಲಸ ಒಂದು ಕೈ ಬಿಟ್ಟಿದ್ರೆ ನಿಮ್ಮಮ್ಮನ ಬಾಣಂತನ ಎಲ್ಲಿ ಮಾಡ್ತಿದ್ದೆ, ನಿಮ್ಮ ಮಾವನ ಮದುವೆ ಹೆಂಗೆ ಮಾಡ್ತಿದ್ದೆ... ನಿಮ್ಮಮ್ಮನ ಬಾಣಂತನ ಅದಕ್ಕೂ ಮುಂಚೆನೇ ಆಗಿತ್ತು ಬಿಡು, ಆದ್ರೂ. ಆ ಕೆಲಸನೇ ನನ್ನ ಮನೆ, ನನ್ನ ಗಂಡ, ಎಲ್ಲಾ ಅದೇ ಅಂತ ತಿಳ್ಕೋ.

ಅಲ್ಲಿಗೆ ಕಾಲೇಜಿಂದ ಮೂರು ಜನ ಮರಿ ಡಾಕ್ಟ್ರು ಬಂದ್ರು, ನಿನ್ನ ಥರಾನೇ, ಮೂರು ತಿಂಗಳ ಟ್ರೇನಿಂಗಿಗೆ. ಇಬ್ಬರು ಹುಡುಗ್ರು, ಒಬ್ಳು ಹುಡುಗಿ. ಹುಡುಗ್ರ ಹೆಸರು ಹೇಳಲ್ಲ, ಈಗ ದೊಡ್ಡ ಮನುಷ್ಯರಾಗವ್ರೆ. ಒಬ್ಬ ಬಂದ್ರೆ ಅವನಿಗಿಂತ ಮುಂಚೆ ಅವನ ಸೆಂಟಿನ ವಾಸನೆ ಗೇಟ್ ದಾಟಿ ಒಳಗೆ ಬರ್ತಿತ್ತು. ಅವನು ಸೆಂಟು. ಇನ್ನೊಬ್ಬ ವಾರ್ಡೊಳಗೂ ಕಪ್ಪು ಕನ್ನಡಕ ತೆಗೀತಿರ್ಲಿಲ್ಲ. ಅವನು ಕನ್ನಡಕ. ಹುಡುಗಿ ಹೆಸರು ನಸೀಮಾ, ತುಮಕೂರಿನೋಳೇ, ಅವರಪ್ಪಂಗೆ ಪೇಟೇಲಿ ಬಳೆ ಅಂಗಡಿ. ಮಾತು ಕಮ್ಮಿ, ಯಾವಾಗ್ಲೂ ಬ್ಯಾಗಲ್ಲಿ ದಪ್ಪ ಪುಸ್ತಕ. ಮೊದಲನೇ ದಿನ ಸೆಂಟು ಬಂದು ಕುರ್ಚಿ ಮೇಲೆ ಕರ್ಚೀಫ್ ಹಾಸಿ ಕೂತ್ಕೊಂಡ. "ಸಿಸ್ಟರ್, ಇಲ್ಲಿ ಕೇಸ್‌ಗಳು ಏನ್ ಬರ್ತಾವೆ?" ಅಂದ. "ಕೆಮ್ಮು, ಕಜ್ಜಿ, ಜ್ವರ, ಬಸುರಿ ಹೆಂಗಸ್ರು, ಚೇಳು ಕಡಿದೋರು" ಅಂದೆ. "ಅಷ್ಟೇನಾ? ಇಂಟರೆಸ್ಟಿಂಗ್ ಏನೂ ಇಲ್ವಾ?" ಅಂದ. ಚೇಳು ಕಡಿಸ್ಕೊಂಡೋನಿಗೆ ಬಹಳ ಇಂಟರೆಸ್ಟಿಂಗ್ ಆಗೇ ಇರುತ್ತೆ ಕಣಪ್ಪ ಅಂತ ಬಾಯಿಗೆ ಬಂತು, ನುಂಗ್ಕೊಂಡೆ.

ಒಂದು ವಾರ ಬಂದ್ರು ನೋಡು ನಿಯತ್ತಾಗಿ. ಆಮೇಲೆ ಪಾಳಿ ಶುರು. ದಿನಕ್ಕೊಬ್ಬರು ಬರೋದು, ಬಂದೋರು ಮೂರು ಜನದ್ದೂ ಸೈನ್ ಹಾಕೋದು. ಅವರದ್ದೇ ಒಂದು ರಿಜಿಸ್ಟರ್ ಇತ್ತು, ಅದನ್ನಿಡೋ ಬೀರು ಬೀಗದ ಕೈ ನನ್ನ ಸೊಂಟದಲ್ಲಿ. ನಮ್ಮ ದೊಡ್ಡ ಡಾಕ್ಟ್ರು ಒಳ್ಳೇ ಮನುಷ್ಯ, ಆದ್ರೆ ಯಾರ ಹತ್ರಾನೂ ನಿಷ್ಠುರ ಆಗೋಕೆ ಇಷ್ಟ ಇಲ್ಲ. "ಹೋಗ್ಲಿ ಬಿಡಿ ಸಿಸ್ಟರ್, ಓದೋ ಹುಡುಗ್ರು, ಮುಂದಿನ ಪರೀಕ್ಷೆ ಇದೆ ಪಾಪ" ಅಂತಿದ್ರು. ನಾನೂ ಸುಮ್ನಾದೆ. ಸುಳ್ಳ್ಯಾಕೆ ಹೇಳ್ಲಿ, ಸೆಂಟು ತುಮಕೂರಿಂದ ಬರೋವಾಗ ಮೈಸೂರ್‌ಪಾಕ್ ತರ್ತಿದ್ದ, "ತಗೊಳಿ ಅಮ್ಮಾ" ಅಂತಿದ್ದ. ಸಿಸ್ಟರ್ ಅಂತಿರ್ಲಿಲ್ಲ, ಅಮ್ಮಾ. ನಾನು ಕರಗೋದೆ. ಅಷ್ಟು ವರ್ಷ ಸರ್ವಿಸ್ ಮಾಡಿದ ಹೆಂಗಸು, ಕಾಲು ಕೇಜಿ ಮೈಸೂರ್‌ಪಾಕಿಗೆ ಬೀಗ ತೆಗೆದುಕೊಟ್ಟೆ. ನಗಬೇಡ. ನಗು, ನಗು, ನಾನೂ ನಗ್ತೀನಿ ಈಗ.

ಜೂನ್ ಬಂತು. ಒಂದಿನ ಮೂರು ಜನಾನೂ ಒಟ್ಟಿಗೆ ಬಂದ್ರು. ನಂಗೆ ಆಶ್ಚರ್ಯ. ಇವತ್ತೇನಪ್ಪ ಸೂರ್ಯ ಯಾವ ಕಡೆ ಹುಟ್ಟವ್ನೆ ಅಂದ್ಕೊಂಡೆ. ಬೆಂಗಳೂರಲ್ಲಿ ಅದೇನೋ ಕೋಚಿಂಗು, ತಿಂಗಳ ಕೊನೇವರ್ಗೂ ಬರಲ್ಲ ಅಂತ ಹೇಳೋಕೆ ಬಂದಿದ್ರು. ಹೇಳೋಕಲ್ಲ, ಸೈನ್ ಹಾಕೋಕೆ. ವರಾಂಡದ ಬೆಂಚಲ್ಲಿ ಕೂತ್ಕೊಂಡು ಮುಂದಿನ ಅಷ್ಟೂ ದಿನದ್ದು ಸೈನ್ ಹಾಕಿದ್ರು ಕಣೇ. ಅದೂ ಎಷ್ಟು ಶ್ರದ್ಧೆ ಅಂತೀಯ! ಒಂದಿನ ನೀಲಿ ಪೆನ್ನು, ಒಂದಿನ ಕಪ್ಪು, ಒಂದೇ ದಿನ ಹಾಕಿದ್ದು ಅಂತ ಗೊತ್ತಾಗ್ಬಾರ್ದು ನೋಡು. ಭಾನುವಾರ ಮಾತ್ರ ಖಾಲಿ ಬಿಟ್ರು. "ಭಾನುವಾರ ನಾವು ರಜ ಅಮ್ಮಾ" ಅಂದ ಕನ್ನಡಕ, ದೊಡ್ಡ ಹರಿಶ್ಚಂದ್ರನ ಥರ. ನಸೀಮಾ ಕೊನೇಲಿ ಹಾಕಿದ್ಲು. ಹಾಕೋವಾಗ ನನ್ನ ಮುಖ ನೋಡ್ಲಿಲ್ಲ. ನಾನು ಬಾಯಲ್ಲಿ ಬೈದೆ, "ಏನ್ರಪ್ಪಾ ಇದು, ನಾಚಿಕೆ ಆಗಲ್ವಾ" ಅಂತ. ಬೈದು ರಿಜಿಸ್ಟರ್ ಇಸ್ಕೊಂಡು ಒಳಗಿಟ್ಟು ಬೀಗ ಹಾಕ್ದೆ. ಬೈದ್ರೆ ಆಯ್ತಾ? ಕಿತ್ಕೋಬೇಕಿತ್ತು ತಾನೇ? ಕಿತ್ಕೊಳ್ಲಿಲ್ಲ.

ಅದಾಗಿ ನಾಲ್ಕೋ ಐದೋ ದಿನ. ದೊಡ್ಡ ಡಾಕ್ಟ್ರು ತುಮಕೂರಿಗೆ ಮೀಟಿಂಗಿಗೆ ಹೋಗಿದ್ರು. ಮಧ್ಯಾಹ್ನ ಹನ್ನೆರಡು ಗಂಟೆ, ನಾನು ಬಸುರಿಯರ ಕಾರ್ಡ್ ಬರೀತಾ ಕೂತಿದೀನಿ, ಒಬ್ಬಜ್ಜಿ ಓಡ್ಬಂತು, ಸೊಂಟದ ಮೇಲೆ ಎರಡು ವರ್ಷದ ಹೆಣ್ಮಗು. "ನರ್ಸಮ್ಮೋ, ಏನಾರ ಮಾಡವ್ವೋ, ಮಗ ಕಣ್ ಮೇಲ್ ಮಾಡ್ಕಂಬುಡ್ತು!" ಮೈ ಮುಟ್ಟಿದ್ರೆ ಕಾದ ಹೆಂಚು. ಕೈಕಾಲು ಸೆಟ್ಕೊಂಡು ಅದುರ್ತಾ ಇದೆ, ಬಾಯಲ್ಲಿ ನೊರೆ. ಫಿಟ್ಸು. ಪಕ್ಕಕ್ಕೆ ಮಲಗಿಸ್ದೆ, ಬಾಯಿ ಒರೆಸ್ದೆ, ಬಟ್ಟೆ ಬಿಚ್ಚಿ ಒದ್ದೆ ಬಟ್ಟೆ ಹಾಕ್ದೆ. ನಿಲ್ಲಲಿಲ್ಲ. ಗೋಡೆ ಗಡಿಯಾರ ನೋಡ್ತೀನಿ, ಐದು ನಿಮಿಷ ಆಯ್ತು, ಹತ್ತಾಯ್ತು, ತುಟಿ ನೀಲಿ ಬರ್ತಾ ಇದೆ. ಗುಬ್ಬಿಗೆ ಬಸ್ಸು ಇನ್ನು ಒಂದು ಗಂಟೆಗೆ. ಬೀರೂಲಿ ಇಂಜೆಕ್ಷನ್ ಇದೆ. ಡಾಕ್ಟ್ರು ಬರೆದುಕೊಡದೆ ನಾವು ಅದನ್ನ ಕೊಡಂಗಿಲ್ಲ, ಕೊಟ್ಟು ಉಸಿರು ನಿಂತ್ರೆ ಮುಗೀತು ನನ್ನ ಕತೆ. ಆ ಅಜ್ಜಿ ನನ್ನ ಕಾಲು ಹಿಡ್ಕೊಂಡವ್ಳೆ. ನೀನು ಈಗ ಹೇಳು, ನೀನು ಡಾಕ್ಟ್ರಲ್ವಾ, ಏನ್ ಮಾಡ್ಬೇಕಿತ್ತು? ಕೊಟ್ಟೆ. ದೊಡ್ಡ ಡಾಕ್ಟ್ರು ಕೊಡೋದನ್ನ ಎಷ್ಟೋ ಸಲ ಪಕ್ಕದಲ್ಲಿ ನಿಂತು ನೋಡಿದ್ದೆ, ಅದೇ ಲೆಕ್ಕದಲ್ಲಿ ಕೊಟ್ಟೆ. ನಿಂತ್ಕೊಂತು. ಮಗು ಮೈ ಸಡ್ಲ ಬಿಡ್ತು, ಆಮೇಲೆ ಅತ್ತುಬಿಡ್ತು. ಆ ಅಳು ಕೇಳಿದ ಮೇಲೆ ನಾನು ಕೂತ್ಕೊಂಡೆ.

ಇಲ್ಲಿಗೆ ಮುಗೀಬೇಕಿತ್ತು ತಾನೇ? ಮುಗೀಲಿಲ್ಲ. ಮಗುವಿನ ಚಿಕ್ಕಪ್ಪ ಪಂಚಾಯ್ತಿ ಮೆಂಬರು. ಅವನಿಗೆ ಸಿಟ್ಟು, ನ್ಯಾಯವಾದ ಸಿಟ್ಟೇ. ಅರ್ಜಿ ಹಾಕ್ದ, 'ಆಸ್ಪತ್ರೇಲಿ ಒಬ್ಬ ಡಾಕ್ಟರೂ ಇರಲಿಲ್ಲ, ಪಾಪ ನರ್ಸಮ್ಮನೇ ಇಂಜೆಕ್ಷನ್ ಕೊಟ್ಟು ಉಳಿಸಿದರು' ಅಂತ. ನನ್ನ ಹೊಗಳೋಕೆ ಬರೆದ ಅಂತ ನಾನೂ ಖುಷಿಯಾಗಿದ್ದೆ, ದಡ್ಡಿ. ಜುಲೈನಲ್ಲಿ ವಿಚಾರಣೆಗೆ ಅಂತ ಜಿಲ್ಲೆಯಿಂದ ಒಬ್ಬ ಆಫೀಸರು ಬಂದ್ರು. ಬಂದೋರೇ ಒಂದು ಎಳನೀರು ಕುಡಿದ್ರು, ಗಂಜಿ ತೆಗೆಸಿ ತಿಂದ್ರು, ಇನ್ನೊಂದು ಕುಡಿದ್ರು, ಆಮೇಲೆ ರಿಜಿಸ್ಟರ್ ತರಿಸಿದ್ರು. ಮೂರು ಮರಿ ಡಾಕ್ಟ್ರನ್ನೂ ಕಾಲೇಜಿಂದ ಕರೆಸಿದ್ರು, ಬಂದು ಬಿಳಿ ಕೋಟ್ ಹಾಕ್ಕೊಂಡು ಸಾಲಾಗಿ ನಿಂತಿದ್ರು. ನಾನು ಆ ಕೋಟುಗಳನ್ನ ನೋಡಿದ್ದು ಅವತ್ತೇ ಮೊದಲು. ದೊಡ್ಡ ಡಾಕ್ಟ್ರು, ಅವತ್ತು ತುಮಕೂರಲ್ಲಿದ್ದೆ ಅಂತಷ್ಟೇ ಹೇಳಿ ಪಕ್ಕಕ್ಕೆ ಕೂತಿದ್ರು. ಆಫೀಸರು ಪುಟ ತಿರುವಿ ನೋಡಿ ನನ್ನ ಕಡೆ ತಿರುಗಿದ್ರು. "ಏನ್ರೀ ಸಿಸ್ಟರ್, ಆ ದಿನ ಮೂರು ಜನ ಡಾಕ್ಟ್ರು ಡ್ಯೂಟೀಲಿದ್ರು. ಸೈನ್ ಇದೆ. ಅವರನ್ನ ಬಿಟ್ಟು ನೀವು ಯಾಕ್ರೀ ಇಂಜೆಕ್ಷನ್ ಕೊಟ್ರಿ? ಯಾರು ಅಧಿಕಾರ ಕೊಟ್ಟಿದ್ದು? ಮಗು ಸತ್ತಿದ್ರೆ? ಸಸ್ಪೆಂಡ್ ಮಾಡ್ಬೇಕಾಗುತ್ತೆ, ಗೊತ್ತೇನ್ರೀ?"

ನೋಡು ಶಿಲ್ಪಾ, ಬರದೇ ಇದ್ದೋರು ಬಂದಂಗಾಯ್ತು, ಇದ್ದೋಳು ತಪ್ಪಿತಸ್ಥೆ ಆದೆ. "ಸಾರ್, ಅವತ್ತು ಇವರು ಯಾರೂ ಇರ್ಲಿಲ್ಲ" ಅಂದೆ. ಸೆಂಟು ಕೆಮ್ಮಿದ. "ಸಾರ್, ನಾವು ಹಿಂದಿನ ರೂಮಲ್ಲೇ ಇದ್ವಿ. ಸಿಸ್ಟರ್ ನಮ್ಮನ್ನ ಕರೀಲೇ ಇಲ್ಲ" ಅಂದ. ನೋಡ್ದಾ, ಅವತ್ತು ಅಮ್ಮಾ ಅನ್ನೋದು ಮರ್ತೋಯ್ತು, ಸಿಸ್ಟರ್ ಆದೆ. ಆಫೀಸರು, "ರಿಜಿಸ್ಟರ್ ಸುಳ್ಳು ಹೇಳುತ್ತಾ, ನೀವು ಸುಳ್ಳು ಹೇಳ್ತಿದೀರಾ?" ಅಂದ್ರು. ಮುಂದಕ್ಕೆ ಹೋಗಿ ರಿಜಿಸ್ಟರ್ ನನ್ನ ಕಡೆ ತಿರುಗಿಸ್ಕೊಂಡೆ. ಆ ರಿಜಿಸ್ಟರಲ್ಲಿ ಎಲ್ಲಾ ತಿಂಗಳಿಗೂ ಮೂವತ್ತೊಂದು ಮನೆ ಅಚ್ಚು ಹಾಕಿರ್ತಾರೆ. ಮೂವತ್ತು ದಿನದ ತಿಂಗಳಾದ್ರೆ ಕ್ಲರ್ಕು ಮೊದಲೇ ಸ್ಕೇಲ್ ಇಟ್ಟು ಕೊನೇ ಮನೆಗೆ ಕೆಂಪು ಗೆರೆ ಎಳೆದಿಡ್ತಿದ್ದ. ಆ ತಿಂಗಳು ಅವನು ರಜ. ನಮ್ಮ ಮಹಾನುಭಾವರು ಸೈನ್ ಹಾಕೋ ಭರದಲ್ಲಿ ಎಲ್ಲಿ ನಿಲ್ಲಿಸ್ಬೇಕು ಅಂತಾನೂ ನೋಡಿರ್ಲಿಲ್ಲ. ಅಷ್ಟು ಓದಿದ ಮೂರು ತಲೆ! ಹಿಂದಿನ ದಿನ ಬೀರು ತೆಗೆದಾಗ ನಾನದನ್ನ ನೋಡಿದ್ದೆ, ಬಾಯಿ ಬಿಟ್ಟಿರ್ಲಿಲ್ಲ. "ಸಾರ್, ಇಲ್ನೋಡಿ. ಈ ಡಾಕ್ಟ್ರು ಮೂರೂ ಜನ ಜೂನ್ ಮೂವತ್ತೊಂದನೇ ತಾರೀಖು ಡ್ಯೂಟಿಗೆ ಬಂದವ್ರೆ. ನಂಗೆ ಐವತ್ತು ದಾಟ್ತು, ನಾನು ಆ ದಿನ ಇನ್ನೂ ನೋಡಿಲ್ಲ. ಅವತ್ತು ಎಷ್ಟು ಜನ ಪೇಷೆಂಟ್ ಬಂದಿದ್ರು ಕೇಳಿ ಸಾರ್" ಅಂದೆ.

ಆಫೀಸರು ಕನ್ನಡಕ ಒರೆಸ್ಕೊಂಡ್ರು. ಬೆರಳಲ್ಲಿ ತಿಂಗಳು ಎಣಿಸಿದ್ರು, ಮುಷ್ಟಿ ಕಟ್ಟಿ ಗೆಣ್ಣು ಮುಟ್ಕೊಂಡು ಎಣಿಸ್ತೀವಲ್ಲ, ಹಂಗೆ. ಜವಾನ ಬಾಗಿಲ ಆಚೆ ಹೋಗಿ ನಕ್ಕ. ಗೆದ್ದೆ ಅನ್ಕೊಂಡೆ. ಎಲ್ಲಿ ಗೆಲ್ಲೋದು! ಕಪ್ಪು ಕನ್ನಡಕದೋನು ಬಾಯಿ ಬಿಟ್ಟ. "ಸಾರ್, ಅದು ಕೈತಪ್ಪು. ತಿಂಗಳ ಕೊನೇಲಿ ಸಿಸ್ಟರೇ ರಿಜಿಸ್ಟರ್ ಕೊಟ್ಟು ಪೂರ್ತಿ ಹಾಕಿ ಅಂದ್ರು. ಬೀಗ ಅವರ ಹತ್ರಾನೇ ಇರೋದು ಸಾರ್. ಆದ್ರೆ ಫಿಟ್ಸ್ ಬಂದ ದಿನ ನಾವು ಇದ್ವಿ." ಬೀಗ ನನ್ನ ಹತ್ರ ಇದ್ದಿದ್ದು ನಿಜ. ಕೊಟ್ಟಿದ್ದೂ ನಿಜ. ಆ ನಿಜದ ಪಕ್ಕದಲ್ಲಿ ಸುಳ್ಳನ್ನ ಎಷ್ಟು ಚೆನ್ನಾಗಿ ಕೂರಿಸ್ದ ನೋಡು. ಏನಂತ ಹೇಳ್ಲಿ? ಮೈಸೂರ್‌ಪಾಕ್ ತಿಂದೆ ಅಂತ ಹೇಳ್ಲಾ? ಸಾಲಲ್ಲಿ ಕೊನೇಲಿ ನಿಂತಿದ್ದ ನಸೀಮಾ ಆಗ ಮಾತಾಡಿದ್ಲು. ಅಲ್ಲಿವರ್ಗೂ ಅವಳು ನೆಲ ನೋಡ್ಕೊಂಡು ನಿಂತಿದ್ಲು. "ಸಾರ್, ನಾವು ಇರ್ಲಿಲ್ಲ. ಮೂರು ಜನಾನೂ ಇರ್ಲಿಲ್ಲ. ಇವರಿಬ್ಬರು ಬೆಂಗಳೂರಲ್ಲಿ, ನಾನು ಮನೇಲಿ ಓದ್ತಿದ್ದೆ. ಸಿಸ್ಟರ್ ನಮ್ಮನ್ನ ಬೈದ್ರು. ಸೈನ್ ನಾವೇ ಹಾಕಿದ್ದು." ಸೆಂಟು ಅವಳ ಕೋಟಿನ ತೋಳು ಎಳೀತಾನೆ, "ಏಯ್ ಸುಮ್ನಿರೇ" ಅಂತಾನೆ. ಅವಳು ಕೈ ಕೊಡವಿದ್ಲು. "ಬರೆದುಕೊಡ್ತೀಯೇನಮ್ಮಾ?" ಅಂದ್ರು ಆಫೀಸರು. "ಕೊಡ್ತೀನಿ ಸಾರ್" ಅಂದು ಅಲ್ಲೇ ನಿಂತ್ಕೊಂಡು ಬರೆದುಕೊಟ್ಲು. ಕಪ್ಪು ಪೆನ್ನಲ್ಲಿ. ನಾನು ಅವತ್ತು ಅತ್ತಿದ್ದು, ಎಲ್ಲರ ಮುಂದೇನೇ. ಆ ಹುಡುಗಿ ಬರೆದ ಒಂದು ಹಾಳೆ ನನ್ನ ಕೆಲಸ ಉಳಿಸ್ತು ಕಣೇ.

ಈಗ ಕೇಳು, ಯಾರಿಗೆ ಏನು ಸಿಕ್ತು ಅಂತ. ನಂಗೆ ಬೀಗ ಕೊಟ್ಟಿದ್ದಕ್ಕೆ ಒಂದು ಮೆಮೊ. ಅದು ಸರಿ, ಕೊಡ್ಬೇಕಿತ್ತು, ಕೊಟ್ರು. ಹುಡುಗ್ರಿಬ್ಬರೂ ಏನೂ ಬರೆದುಕೊಡ್ಲಿಲ್ಲ ನೋಡು, ಅದಕ್ಕೆ ಅವರಿಗೆ ಎಚ್ಚರಿಕೆ ಕೊಟ್ಟು ಬಿಟ್ರು. ಒಬ್ಬನ ಸೋದರಮಾವ ಯಾರೋ ದೊಡ್ಡೋರ ಪೈಕಿ ಅಂತೆ. ನಿಜ ಬರೆದುಕೊಟ್ಟ ನಸೀಮಾಗೆ ಮೂರು ತಿಂಗಳು ಟ್ರೇನಿಂಗ್ ಮತ್ತೆ ಮೊದಲಿಂದ, ಅದೇ ಆಸ್ಪತ್ರೇಲಿ. ಅವಳು ಅಷ್ಟು ಓದಿದ್ದ ಪರೀಕ್ಷೆ ಆ ವರ್ಷ ಕೈ ಬಿಟ್ಟೋಯ್ತು. ಅವರಪ್ಪ ಬಳೆ ಅಂಗಡಿ ಸಾಹೇಬ್ರು ಸ್ಕೂಟರ್ ಹತ್ಕೊಂಡು ಬಂದ್ರು, ವರಾಂಡದಲ್ಲಿ ನಿಂತು ಕೂಗಾಡಿದ್ರು. "ಏನಮ್ಮಾ ನಿಮ್ಮ ಇನ್ಸಾಫು? ಸುಳ್ಳು ಹೇಳಿದೋರು ಆರಾಮಾಗವ್ರೆ, ನಿಜ ಹೇಳಿದ ನನ್ನ ಮಗಳಿಗೆ ಸಜಾನಾ?" ಕಾಫಿ ಕೊಟ್ಟೆ. ಕುಡೀಲಿಲ್ಲ. ಆಮೇಲೆ ಕುಡಿದ್ರು.

ಬಂದ್ಲು ನಸೀಮಾ, ದಿನಾ, ತುಮಕೂರಿಂದ ಗುಬ್ಬಿಗೊಂದು ಬಸ್ಸು, ಗುಬ್ಬಿಯಿಂದ ಇನ್ನೊಂದು. ಮೊದಲ ವಾರ ನನ್ನ ಜೊತೆ ಮಾತೇ ಇಲ್ಲ. ಕೂಸಿಗೆ ಸೂಜಿ ಚುಚ್ಚು ಅಂದ್ರೆ ಕೂಸಿಗಿಂತ ಜೋರಾಗಿ ಇವಳು ಬೆವರ್ತಾಳೆ. ಆಗಸ್ಟಲ್ಲೋ ಏನೋ, ಅದೇ ಅಜ್ಜಿ, ಅದೇ ಹೆಣ್ಮಗು, ಅದೇ ಫಿಟ್ಸು ಮತ್ತೆ ಬಂತು. ಅವತ್ತೂ ದೊಡ್ಡ ಡಾಕ್ಟ್ರು ಇಲ್ಲ, ಬಸುರಿ ನೋಡೋಕೆ ಹಳ್ಳಿಗೆ ಹೋಗಿದ್ರು. ನಾನು ಇಂಜೆಕ್ಷನ್ ತುಂಬಿಸಿ ಟ್ರೇಯಲ್ಲಿಟ್ಟು ಇವಳ ಮುಂದೆ ಹಿಡಿದೆ. "ಸಿಸ್ಟರ್, ನೀವೇ ಕೊಡಿ, ನೀವು ಕೊಟ್ಟಿದೀರ" ಅಂದ್ಲು, ಮುಖ ಸುಣ್ಣ. "ನಾನು ಕೊಡಂಗಿಲ್ಲ ಡಾಕ್ಟ್ರೇ. ಇವತ್ತು ಡಾಕ್ಟ್ರು ಡ್ಯೂಟೀಲವ್ರೆ. ನಿಜವಾಗ್ಲೂ ಅವ್ರೆ" ಅಂದೆ. ತೂಕ ಕೇಳಿದ್ಲು, ಬಾಯಲ್ಲೇ ಲೆಕ್ಕ ಹಾಕಿದ್ಲು, ನಾನು ತುಂಬಿಸಿದ್ದಕ್ಕಿಂತ ಸ್ವಲ್ಪ ಕಮ್ಮಿ ಮಾಡಿದ್ಲು, ಕೊಟ್ಲು. ನಾನು ಜೂನಲ್ಲಿ ಜಾಸ್ತೀನೇ ಕೊಟ್ಟಿದ್ದೆ ಅಂತ ಆವಾಗ ಗೊತ್ತಾಗಿದ್ದು ನಂಗೆ. ಮಗು ಬದುಕಿದ್ದು ಅದರ ಆಯಸ್ಸು, ನನ್ನ ಜಾಣತನ ಅಲ್ಲ. ಫಿಟ್ಸ್ ನಿಂತ ಮೇಲೆ ಆ ಅಜ್ಜಿ ನಸೀಮಾ ಗಲ್ಲ ಹಿಡ್ದು, "ಅವತ್ತು ನೀನೆಲ್ಲೋಗಿದ್ದೆ ತಾಯಿ?" ಅಂತು. ಬೈದಿದ್ದಲ್ಲ, ಪ್ರೀತಿಗೇ ಕೇಳಿದ್ದು. ಇವಳು ಹಿಂದಿನ ನೀರಿನ ತೊಟ್ಟಿ ಹತ್ರ ಹೋಗಿ ಮುಖ ತೊಳೀತಾ ನಿಂತವ್ಳು, ಕಾಲು ಗಂಟೆ ತೊಳೆದ್ಲು.

ಮುಂದಿನ ವರ್ಷ ಪರೀಕ್ಷೆ ಬರೆದ್ಲು, ಮಕ್ಕಳ ಡಾಕ್ಟ್ರಾದ್ಲು. ಬೆಂಗಳೂರಲ್ಲಿ ಕರೆದ್ರಂತೆ, ಹೋಗ್ಲಿಲ್ಲ, ಕುಣಿಗಲ್ ಕಡೆ ಆಸ್ಪತ್ರೇಲಿ ಕೂತವ್ಳೆ, ಈಗ್ಲೂ. ಸೆಂಟು ತುಮಕೂರಲ್ಲೇ ನರ್ಸಿಂಗ್ ಹೋಂ ಕಟ್ಟವ್ನೆ, ಒಳಗೆ ಕಾಲಿಟ್ರೆ ಸ್ಕ್ಯಾನಿಂಗು, ಹೊರಗೆ ಬರೋವಾಗ ಇನ್ನೊಂದು. ಹೋದ ವರ್ಷ ನಮ್ಮ ರಿಟೈರ್ಡ್ ನೌಕರರ ಸಂಘದ ಸಭೆಗೆ ಅವನೇ ಅತಿಥಿ. ಮೈಕ್ ಹಿಡ್ಕೊಂಡು ಹೇಳ್ತಾನೆ, "ನನ್ನನ್ನು ರೂಪಿಸಿದ್ದು ಗುಬ್ಬಿಯ ಹಳ್ಳಿ. ಆ ಮೂರು ತಿಂಗಳು ನಾನು ಒಂದು ದಿನವೂ ತಪ್ಪದೆ ಬಡವರ ಸೇವೆ ಮಾಡಿದೆ." ನಂಗೆ ಮಂಡಿ ನೋವು, ಆದ್ರೂ ಎದ್ನಿಂತೆ. "ಡಾಕ್ಟ್ರೇ, ಜೂನ್ ಮೂವತ್ತೊಂದೂ ಸೇರಿಸ್ಕೊಂಡಾ?" ಅಂದೆ. ಸಭೇಲಿ ಯಾರಿಗೂ ಅರ್ಥ ಆಗ್ಲಿಲ್ಲ. ಅವನಿಗೆ ಆಯ್ತು. ನೀರು ಕುಡ್ದ. ಆದ್ರೆ ಅವನು ಹೇಳಿದ್ದರಲ್ಲಿ ಒಂದು ನಿಜ ಇದೆ ಅನ್ನು. ಅವನನ್ನ ರೂಪಿಸಿದ್ದು ಆ ಮೂರು ತಿಂಗಳೇ. ಹೋಗದೇ ಇದ್ರೂ ನಡೆಯುತ್ತೆ ಅಂತ ಅಲ್ಲೇ ಕಲ್ತ. ಕಲಿಸ್ದೋಳು ನಾನು, ಬೀಗದ ಕೈ ಇಟ್ಕೊಂಡು.

ಹ್ಞೂಂ, ಫೋನ್ ಮಾಡ್ದೆ ಕಣೇ ನಸೀಮಾಗೆ, ನಿನ್ನೇನೇ. ನೀನು ಹೇಳಿದಂಗೇ ಹೇಳ್ದೆ, ನನ್ನ ಮೊಮ್ಮಗಳಿಗೆ ಬರ್ದೇನೇ ಅಟೆಂಡೆನ್ಸ್ ಬೇಕಂತೆ ಅಂತ. "ಕಳಿಸಿ ಸಿಸ್ಟರ್, ಅವಳ ಡ್ಯೂಟಿ ನನ್ನ ಹತ್ರಾನೇ ಹಾಕಿಸ್ಕೊಳ್ತೀನಿ. ಬೀಗ ನನ್ನ ಹತ್ರಾನೇ ಇರುತ್ತೆ. ನಂಗೆ ಸಕ್ಕರೆ ಕಾಯಿಲೆ, ಮೈಸೂರ್‌ಪಾಕ್ ತರ್ಬೇಡ ಅಂತ ಹೇಳಿ" ಅಂದ್ಲು. ಹಂಗೆ ನೋಡ್ಬೇಡ ನನ್ನ. ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ಕುಣಿಗಲ್ ಬಸ್ಸು. ದಿನಾ ಹೋಗು, ಅವತ್ತಿನ ಸೈನ್ ಅವತ್ತು ಹಾಕು, ನಿಂದು ನೀನು ಹಾಕು. ಸಾಕು, ಏಳು, ಆ ಸಿಪ್ಪೆ ಎಲ್ಲಾ ಬಾಚಿ ಹಸುಗೆ ಹಾಕ್ಬಿಟ್ಟು ಬಾ.